ಅಳೆಯುವವನ ಒಡ್ಡು

"ಬೆರಳಷ್ಟು ಜಾಸ್ತಿ ಇದೆ, ಕೆರೆದುಹಾಕಪ್ಪ" ಎಂದು ಅಳತೆಯಣ್ಣ ಕೋಲು ಊರಿ ನಿಂತ. ಹೊಳೆಬಯಲಿನಲ್ಲಿ ಮಳೆಗಾಲಕ್ಕೆ ಮುಂಚೆ ಎಲ್ಲರ ಒಡ್ಡನ್ನೂ ಹೀಗೆ ಅಳೆಯುತ್ತಿದ್ದರು. ಒಂದೇ ಕೋಲು, ಎಲ್ಲರಿಗೂ ಮಂಡಿಯೆತ್ತರ. ಹಾಗಿದ್ದರೆ ಉಕ್ಕಿದ ನೀರು ಎಲ್ಲರ ಹೊಲಕ್ಕೂ ತೆಳ್ಳಗೆ ಹರಡಿ ಇಳಿದುಹೋಗುತ್ತದೆ. ಒಬ್ಬ ಎತ್ತರಿಸಿಕೊಂಡರೆ ಪಕ್ಕದವರ ಕಥೆ ಮುಗಿಯಿತು. ಅಳತೆಯಣ್ಣನ ಒಡ್ಡನ್ನು ಮಾತ್ರ ಯಾರೂ ಅಳೆದಿರಲಿಲ್ಲ. ಎಂಥ ನ್ಯಾಯ ನೋಡಿ.

ಪಕ್ಕದ ಹೊಲ ಅವನ ತೀರಿಹೋದ ತಮ್ಮನ ಹೆಂಡತಿಯದು. ಹೋದ ವರ್ಷ ಅವಳ ಪೈರಿನ ಜೊತೆ ಕರುವೂ ಕೊಚ್ಚಿಹೋಯಿತು. "ಹೊಳೆಗೇನು ಕಣ್ಣಿದೆಯೇನಮ್ಮ" ಎಂದು ಅಳತೆಯಣ್ಣ ಸಮಾಧಾನ ಹೇಳಿ ಬಂದಿದ್ದ. ನಾಚಿಕೆಯಾಗಬೇಕಿತ್ತು ಆ ನಾಲಿಗೆಗೆ.

ಈ ಸಲ ಕೊಯ್ಲಿಗೆ ನಾಲ್ಕೇ ದಿನ ಬಾಕಿ. ಬೆಳಗ್ಗೆ ನೋಡಿದರೆ ಹೊಳೆ ಕೆಂಪಾಗಿ ಉಕ್ಕಿ ಒಡ್ಡಿನ ಬುಡಕ್ಕೆ ಬಂದಿತ್ತು. ತಮ್ಮನ ಹೆಂಡತಿ ನೇರ ಅವನ ಒಡ್ಡಿನ ಹತ್ತಿರ ಬಂದು ನಿಂತಳು.

"ಭಾವ, ಇದು ನನ್ನ ಸೊಂಟಕ್ಕೆ ಬರುತ್ತೆ. ಇದಕ್ಕೂ ಕೋಲು ಹಿಡೀರಿ."

"ನಂದು ತಗ್ಗಿನ ಹೊಲ ಕಣಮ್ಮ. ಮೊದಲು ಎರಡು ವರ್ಷ ಮುಳುಗಿ ಹೋಯ್ತು. ನಮ್ಮನೆಯವರೂ ಉಣ್ಣಬೇಕಲ್ವಾ?"

"ಉಣ್ಣಿ. ನನ್ನ ತಟ್ಟೆಗೆ ಯಾಕೆ ಕೈ ಹಾಕ್ತೀರಿ?"

ಅವನಿಗೆ ಸಿಟ್ಟು ನೆತ್ತಿಗೇರಿತು. "ಊರಿಗೆಲ್ಲ ಅಳೆಯೋನು ನಾನು. ನನ್ನನ್ನೇ ಕೇಳ್ತೀಯಾ?"

ಅಷ್ಟರಲ್ಲಿ ಗುದ್ದಲಿಯ ಸದ್ದು ಕೇಳಿಸಿತು. ಅವನ ಹೆಂಡತಿ ಒಡ್ಡು ಅಗೆಯುತ್ತಿದ್ದಳು.

"ತಲೆ ಕೆಟ್ಟಿದೆಯಾ ನಿನಗೆ? ನಮ್ಮ ಬೆಳೆ ಹೋಗುತ್ತೆ."

"ಹೋದರೆ ಹೋಗಲಿ. ಈ ಮಣ್ಣು ಹೊತ್ತು ಹಾಕಿದ್ದೂ ನಾನೇ, ಕರು ಹೋದಾಗ ಅವಳ ಮನೇಲಿ ಕೂತು ಕಣ್ಣೀರು ಹಾಕಿದ್ದೂ ನಾನೇ. ಇನ್ನು ಈ ನಾಟಕ ನನ್ನ ಕೈಲಾಗಲ್ಲ."

ಅಳತೆಯಣ್ಣ ಸುತ್ತ ನೋಡಿದ. ಊರವರು ತಮ್ಮ ತಮ್ಮ ಮಂಡಿಯೆತ್ತರದ ಒಡ್ಡುಗಳ ಮೇಲೆ ನಿಂತು ನೋಡುತ್ತಿದ್ದರು. ಅವನು ಹೆಂಡತಿಯ ಕೈಯಿಂದ ಗುದ್ದಲಿ ಕಿತ್ತುಕೊಂಡ. ಎಸೆಯುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು. ಅವನು ತಲೆ ತಗ್ಗಿಸಿ ಅಗೆಯತೊಡಗಿದ.

ಮಧ್ಯಾಹ್ನ ಹೊಳೆ ಒಡ್ಡು ದಾಟಿತು. ತಮ್ಮನ ಹೆಂಡತಿಯ ಹೊಲದಲ್ಲಿ ಪೈರಿನ ಬುಡವಷ್ಟೇ ನೆನೆಯಿತು. ಅಳತೆಯಣ್ಣನ ತಗ್ಗಿನಲ್ಲಿ ನೀರು ತೆನೆ ಮುಟ್ಟಲು ಗೇಣು ಬಾಕಿ. ಅವನು ಬೆಪ್ಪಾಗಿ ನಿಂತಿದ್ದಾಗ ತಮ್ಮನ ಹೆಂಡತಿ ಕುಡುಗೋಲು ಹಿಡಿದು ಅವನ ಹೊಲಕ್ಕೇ ಇಳಿದಳು.

"ನೀನ್ಯಾಕಮ್ಮ..." ಎಂದ ಅವನು.

"ನಿಮ್ಮ ಮೇಲಿನ ಸಿಟ್ಟೇನೂ ಇಳಿದಿಲ್ಲ ಭಾವ. ಅದನ್ನ ನಾಳೆ ಊರವರ ಮುಂದೆ ಮಾತಾಡೋಣ. ಈಗ ಆ ಕಡೆಯಿಂದ ಕೊಯ್ಕೊಂಡು ಬನ್ನಿ."