ಆಶಾರ್‌ಗೆ ಬಂದವರು

ಕಬ್ಬಿಣದ ಗೇಟನ್ನು ಬುರುಲ್ ತನ್ನ ಕೈಯಾರೆ ತೆಗೆದಳು. ಯಾರೂ ಒದ್ದು ಮುರಿಯಲಿಲ್ಲ, ಗೋಡೆ ಹಾರಲಿಲ್ಲ. ಅರವತ್ತು ದಾಟಿದ ಹೆಂಗಸು ಬೆಳಗಿನ ಏಳು ಗಂಟೆಗೆ ಬಾಯ್ತುಂಬ ನಗುತ್ತ ಅಗುಳಿ ಸರಿಸಿ, "ಬನ್ನಿ ಬನ್ನಿ, ಚಹಾ ಆಯ್ತಾ?" ಎಂದು ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಯೊಳಗೆ ಕರೆದಳು.

ಬಿಷ್ಕೆಕ್‌ನ ಆ ಹಳೆಯ ಬೂಟು ಗೋದಾಮಿನಲ್ಲಿ ಊರಿನ ಹದಿನಾಲ್ಕು ಕಲಾವಿದರು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದರು. ಬುರುಲ್ ಉಣ್ಣೆಯ ಜಮಖಾನ ಕತ್ತರಿಸಿ ಹೊಲಿಯುವವಳು. ಮಾಂಬೆತ್ ಏಪ್ರಿಕಾಟ್ ಮರದಲ್ಲಿ ಕೊಮುಜ್ ಎಂಬ ಮೂರು ತಂತಿಯ ವಾದ್ಯ ಕೆತ್ತುವವನು. ಉಳಿದವರು ಮಡಕೆಯವರು, ಚಿತ್ರದವರು, ಬೊಂಬೆಯವರು. ನಗರಸಭೆ ಖಡಾಖಂಡಿತ ಹೇಳಿತ್ತು: ಈ ಗುರುವಾರ ಹತ್ತು ಗಂಟೆಗೆ ಅಧಿಕಾರಿ ಬಂದಾಗ ಚಾವಣಿ ಸರಿಯಾಗಿದ್ದರೆ ಕಟ್ಟಡ ಇನ್ನು ಹತ್ತು ವರ್ಷ ನಿಮ್ಮದು; ಇಲ್ಲದಿದ್ದರೆ ಅಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಲು ಕಾದು ಕೂತ ಸಾಹುಕಾರನದು. ಕೂಲಿ ಕೊಟ್ಟು ಮಾಡಿಸುವ ತಾಕತ್ತು ಯಾರಿಗಿತ್ತು? ಅದಕ್ಕೇ ಆ ಗುರುವಾರ ಬೆಳಿಗ್ಗೆಗೇ ಆಶಾರ್ ಕರೆದಿದ್ದರು. ನಮ್ಮ ಮುಯ್ಯಾಳಿನಂತೆಯೇ ಅದು. ಊರವರು ಬಂದು ಕೈಜೋಡಿಸುತ್ತಾರೆ, ಕರೆದವರು ಹೊಟ್ಟೆ ತುಂಬಿಸುತ್ತಾರೆ. ಸಲಕರಣೆ ಹಿಡಿದು ಬಂದವನನ್ನು ನೀನು ಯಾರು, ಯಾರ ಕಡೆಯವನು ಎಂದು ಕೇಳಕೂಡದು. ಕೇಳಿದರೆ ಬಂದವನಿಗೆ ಅವಮಾನ, ಕರೆದವನಿಗೆ ನಾಚಿಕೆ.

ಹಾಗಾಗಿ ಬುರುಲ್ ಕೇಳಲಿಲ್ಲ. ವ್ಯಾನಿನಿಂದ ಹತ್ತು ಜನ ಇಳಿದರು, ಕೈಯಲ್ಲಿ ಸುತ್ತಿಗೆ, ಹಾರೆ. ನಾಲ್ಕು ತಗಡು ಹೊಡೆಯುವುದಕ್ಕೆ ಹಾರೆ ಯಾಕೆ ಎಂದು ಆ ಮಹಾತಾಯಿಗೆ ಹೊಳೆಯಲೇ ಇಲ್ಲ.

"ಎಷ್ಟು ಬೇಗ ಬಂದ್ರಪ್ಪ! ನಮ್ಮ ಕಲಾವಿದರು ಇನ್ನೂ ಮನೇಲಿ ಹೊದ್ಕೊಂಡು ಬಿದ್ದಿದಾರೆ."

"ಬೇಗ ಮುಗಿಸ್ಬೇಕಲ್ಲ ಎಜೆ," ಎಂದ ಮುಂದಾಳು ರಿಸ್ಬೆಕ್. ಎಜೆ ಎಂದರೆ ಅಕ್ಕ. ಆ ಮಾತನ್ನು ಅವನು ಬೆಣ್ಣೆ ಸವರಿ ಆಡಿದ.

ಅವಳು ಬಟ್ಟೆ ಹಾಸಿ ರೊಟ್ಟಿ, ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಂಡುಗಳು, ಜಾಮು ಇಟ್ಟಳು. ಆನೆಯಂಥ ಮೈಯ ತಾಲಾಯ್ ಎಂಬುವನು ಕಣ್ಣು ಮುಚ್ಚಿ ತಿಂದ. "ನಮ್ಮವ್ವ ಮಾಡಿದಂಗೇ ಇದೆ ಎಜೆ," ಎಂದ.

ನಸುಕಿನಿಂದಲೇ ಚಾವಣಿಯ ಮೇಲಿದ್ದ ಮಾಂಬೆತ್ ತಗಡಿಲ್ಲದ ಕಂಡಿಯಿಂದ ಬಗ್ಗಿ ನೋಡಿದ. "ಲೇ ತಮ್ಮ, ನೀನು ಹತ್ತಿದ್ರೆ ಏಣಿ ಕಥೆ ಮುಗೀತು. ಕೆಳಗೇ ನಿಂತು ತಗಡು ಎತ್ತಿಕೊಡು!"

ಎಲ್ಲರೂ ನಕ್ಕರು. ರಿಸ್ಬೆಕ್ ನಗಲಿಲ್ಲ, ರೊಟ್ಟಿಯನ್ನೂ ಮುಟ್ಟಿರಲಿಲ್ಲ. ಗಡಿಯಾರ ನೋಡಿ ಎದ್ದ.

"ತಿಂದಿದ್ದು ಸಾಕು. ಒಡೀರಿ."

ಮೊದಲ ಏಟು ಮಡಕೆಯ ಭಟ್ಟಿಗೆ ಬಿತ್ತು. ಬುರುಲ್‌ಗೆ ಅರ್ಥವಾಗಲು ಮೂರನೆಯ ಏಟು ಬೇಕಾಯಿತು. ಅಷ್ಟರಲ್ಲಿ ಬೊಂಬೆಗಳ ಕಪಾಟು ಮಗುಚಿತ್ತು, ಕ್ಯಾನ್ವಾಸುಗಳ ಹೊಟ್ಟೆಯೊಳಗೆ ಹಾರೆ ಹೊಕ್ಕಿತ್ತು. ಒಬ್ಬ ಅವಳ ಅರ್ಧ ಹೊಲಿದ ಜಮಖಾನದ ಮೇಲೆ ಬಣ್ಣದ ಡಬ್ಬಿ ಸುರಿದು ಬೂಟುಗಾಲಿನಲ್ಲಿ ತುಳಿದ. ಉಣ್ಣೆ ಕತ್ತರಿಸುವ ಚೂರಿ ಅವಳ ಕೈಗೆ ಹೇಗೆ ಬಂತೋ, ಅವನ ಮುಂದೋಳನ್ನು ಮೊಣಕೈವರೆಗೆ ಸೀಳಿತು. ಅವನು ಕಿರುಚಿದ. ಹಿಂದಿನಿಂದ ಇನ್ನಿಬ್ಬರು ಅವಳ ರಟ್ಟೆ ತಿರುಚಿ, ಕೆಡವಿ, ಬೆನ್ನ ಮೇಲೆ ಮಂಡಿ ಊರಿದರು.

"ಮಾಂಬೆತ್, ಇಳೀಬೇಡ!" ಎಂದು ಅರಚಿದಳು.

ಅವನು ಕೇಳುವ ಪೈಕಿಯೇ? ಅವಸರದಲ್ಲಿ ಇಳಿಯುತ್ತಿದ್ದ. ರಿಸ್ಬೆಕ್ ಏಣಿಯ ಬುಡಕ್ಕೆ ಒದ್ದ. ಮಾಂಬೆತ್ ಭಟ್ಟಿಯ ಚೂರುಗಳ ಮೇಲೆ ಬಿದ್ದ. ಏಳುವ ಮೊದಲೇ ಅವನ ಬಲಗೈಯನ್ನು ಬೂಟಿನಡಿ ಒತ್ತಿ, ರಿಸ್ಬೆಕ್ ಕೇಳಿದ, "ಇದೇ ಅಲ್ವಾ ಕೆತ್ತೋ ಕೈ?"

ಸುತ್ತಿಗೆ ಎರಡು ಸಲ ಏರಿ ಇಳಿಯಿತು. ಮಾಂಬೆತ್ ಕೂಗಲಿಲ್ಲ, ಒಮ್ಮೆ ಉಸಿರೆಳೆದುಕೊಂಡ, ಅಷ್ಟೆ. ಕೂಗಿದ್ದು ಬುರುಲ್.

"ಅಯ್ಯೋ ಪಾಪಿಗಳಾ! ನನ್ನ ರೊಟ್ಟಿ ತಿಂದ್ರಲ್ಲೋ! ನಿಮ್ಮ ಗಂಟಲಲ್ಲಿ ಇನ್ನೂ ಇಳಿದಿಲ್ಲ, ಉಂಡ ಮನೆಗೇ ಎರಡು ಬಗೀತೀರಾ!"

ತಾಲಾಯ್ ಕೈಯ ಹಾರೆ ಕೆಳಗಿಟ್ಟ. "ರಿಸ್ಬೆಕ್, ನನ್ ಕೈಲಾಗಲ್ಲ. ಸಾಹುಕಾರಂದು ಖಾಲಿ ಕಟ್ಟಡ ಅಂದಿದ್ದೆ ನೀನು."

"ನಾಲ್ಕು ಬೋರ್ಸೋಕ್‌ಗೆ ಮಾರ್ಕೊಂಡ್ಯಾ, ಹಂದಿ?" ಎಂದು ರಿಸ್ಬೆಕ್ ಸುತ್ತಿಗೆಯನ್ನು ಅವನ ಬಾಯಿಗೇ ಬೀಸಿದ.

ತಾಲಾಯ್ ಎರಡು ಹಲ್ಲುಗಳನ್ನು ಉಗುಳಿದ. ಆಮೇಲೆ ರಿಸ್ಬೆಕ್‌ನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ, ಮತ್ತೆ ಎತ್ತಿ ಅಪ್ಪಳಿಸಿದ. ಬಿಡಿಸಲು ಬಂದ ಒಬ್ಬನ ದವಡೆ ಜಾರಿತು. ಉಳಿದವರು ಬುರುಲ್‌ಳನ್ನು ಬಿಟ್ಟು ಬಾಗಿಲ ಕಡೆ ಸರಿದರು. ರಿಸ್ಬೆಕ್ ಕುಸಿದ. ತಾಲಾಯ್ ಅವನ ಎದೆಯ ಮೇಲೆ ಕೂತು, ಬಲಗೈಯನ್ನು ನೆಲಕ್ಕೆ ಒತ್ತಿ, ಅದೇ ಸುತ್ತಿಗೆ ಎತ್ತಿದ. ಎತ್ತಿ ಬುರುಲ್‌ಳ ಕಡೆ ನೋಡಿದ.

ಯಾಕೆ ನೋಡಿದನೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಹಿರಿಯ ಹೆಂಗಸು ತಲೆಯ ಬಿಳಿ ವಸ್ತ್ರ ತೆಗೆದು ಕಾದಾಡುವವರ ನಡುವೆ ಎಸೆದರೆ ಎತ್ತಿದ ಕೈ ಇಳಿಯಲೇಬೇಕು. ಕೊಲೆಗಡುಕ ಕೂಡ ಅದನ್ನು ದಾಟುವುದಿಲ್ಲ. ತಾಲಾಯ್ ಕಾಯುತ್ತಿದ್ದ. ಕೆಳಗಿದ್ದ ರಿಸ್ಬೆಕ್ ಕಾಯುತ್ತಿದ್ದ.

"ಎಜೆ," ಎಂದ ರಿಸ್ಬೆಕ್. ಈಗ ಆ ಮಾತಿನಲ್ಲಿ ಬೆಣ್ಣೆ ಇರಲಿಲ್ಲ.

ಬುರುಲ್‌ಳ ಕೈ ತಲೆಯವರೆಗೆ ಹೋಯಿತು. ವಸ್ತ್ರದ ಗಂಟು ಬೆರಳಿಗೆ ಸಿಕ್ಕಿತು. ಆಗ ಮಾಂಬೆತ್‌ನ ಬೆರಳುಗಳು ಕಣ್ಣಿಗೆ ಬಿದ್ದವು, ಬೇರೆ ಬೇರೆ ದಿಕ್ಕಿಗೆ ತಿರುಗಿ ಬಿದ್ದಿದ್ದವು. ಅವಳು ಗಂಟನ್ನು ಇನ್ನಷ್ಟು ಬಿಗಿದು ಕಟ್ಟಿ ಕೈ ಇಳಿಸಿದಳು. ಒಳಗೆ ಕುದಿಯುತ್ತಿದ್ದದ್ದು ಸಂತೋಷವೇ. ಅದಕ್ಕೆ ಬೇರೆ ಹೆಸರಿಲ್ಲ.

ಸುತ್ತಿಗೆ ಇಳಿಯಿತು. ತಾಲಾಯ್ ಎರಡಕ್ಕೆ ನಿಲ್ಲಿಸಲಿಲ್ಲ. ಎಡಗೈಯನ್ನೂ ಬಿಡಲಿಲ್ಲ. ರಿಸ್ಬೆಕ್‌ನ ಬೊಬ್ಬೆ ಆ ತಗಡಿನ ಚಾವಣಿಯಡಿ ಬಹಳ ಹೊತ್ತು ಮೊಳಗಿತು, ಆಮೇಲೆ ಅವನಿಗೆ ಜ್ಞಾನ ತಪ್ಪಿತು. ಅವನ ಜನ ಅವನನ್ನು ವ್ಯಾನಿಗೆ ತುಂಬಿಕೊಂಡು ಓಡಿದರು.

ನಿಜವಾದ ಆಶಾರ್‌ನವರು ಎಂಟೂವರೆಗೆ ಬಂದರು. ಕಂಡದ್ದನ್ನು ಕಂಡು ದಂಗಾದರು, ಆದರೆ ಏಣಿ ಎತ್ತಿ ನಿಲ್ಲಿಸಿದರು. ತಾಲಾಯ್ ಹರಿದ ತುಟಿಯಲ್ಲೇ ತಗಡು ಎತ್ತಿಕೊಟ್ಟ. ಹತ್ತಕ್ಕೆ ಐದು ನಿಮಿಷವಿದ್ದಾಗ ಕಡೆಯ ಮೊಳೆ ಬಿತ್ತು. ಮಾಂಬೆತ್ ಆಸ್ಪತ್ರೆಗೆ ಹೋಗಲು ಒಪ್ಪಿರಲಿಲ್ಲ. ಕರಾರು ಅವನ ಹೆಸರಿನಲ್ಲಿತ್ತು. ಕೈಗೆ ಉಣ್ಣೆ ಸುತ್ತಿ ಗೋಡೆಗೊರಗಿ ಕೂತಿದ್ದ.

"ನಿಮ್ಮ ತಲೇ ಮೇಲೆ ವಸ್ತ್ರ ಇತ್ತಲ್ಲ ಎಜೆ," ಎಂದ ಮೆಲ್ಲಗೆ. "ಅವನದೂ ಕೈಯೇ ಅಲ್ವಾ?"

"ನಿನಗೋಸ್ಕರನೇ..."

"ನಾನು ಕೇಳಿದ್ನಾ?"

ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಧಿಕಾರಿ ಬಂದ, ಕತ್ತೆತ್ತಿ ಚಾವಣಿ ನೋಡಿದ, ಆಮೇಲೆ ನೆಲ ನೋಡಿದ.

"ಏನಿದು ರಕ್ತ? ಕುರಿ ಕಡಿದ್ರಾ?"

"ಆಶಾರ್ ಅಂದ್ಮೇಲೆ ಕುರಿ ಕಡೀದೆ ಇರ್ತಾರಾ ಸ್ವಾಮಿ?" ಎಂದ ತಾಲಾಯ್.

ಅಧಿಕಾರಿ ಮುಂದೆ ಕೇಳಲಿಲ್ಲ. ಚಾವಣಿ ಸರಿಯಿದೆ ಎಂದು ಬರೆದ. ಮಾಂಬೆತ್ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಸಹಿ ಹಾಕಿದ.

"ಒಂದು ಕಾಲಂ ಬಾಕಿ ಇದೆ. ಇಲ್ಲಿ ಕೈಕೆಲಸ ಮಾಡೋರು ಎಷ್ಟು ಜನ?"

"ಹದಿನಾಲ್ಕು," ಎಂದಳು ಬುರುಲ್.

"ಹದಿಮೂರು," ಎಂದ ಮಾಂಬೆತ್, ಉಣ್ಣೆ ಸುತ್ತಿದ ಬಲಗೈ ನೋಡುತ್ತ.

ಅಧಿಕಾರಿ ಪೆನ್ನು ಎತ್ತಿ ಇಬ್ಬರನ್ನೂ ನೋಡಿದ. "ಯಾವುದು ಬರೀಲಿ ಅಮ್ಮ?"

ಬುರುಲ್ ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದಳು. ಅದರ ಮೇಲೆ ಒಂದು ತೊಟ್ಟು ರಕ್ತ ಕೂಡ ಸಿಡಿದಿರಲಿಲ್ಲ.

"ಹನ್ನೆರಡು ಬರ್ಕೊಳ್ಳಪ್ಪ," ಎಂದಳು.