ಮೊದಲು ಹತ್ತುವವರು

“ಮೇಷ್ಟ್ರು ಬೇಡ ಅಂದ್ಬಿಟ್ರಂತೆ ಕಣೇ. ಇನ್ನು ನಾನೇ ಫಸ್ಟು.”

ಅಣ್ಣ ಇದನ್ನು ಹೇಳಿದಾಗ ನಾನು ಅವನ ಮಂಚದ ತುದಿಯಲ್ಲಿ ಕೂತು ಮೊಬೈಲಿನಲ್ಲಿ ಬೆಕ್ಕಿನ ವಿಡಿಯೋ ನೋಡುತ್ತಿದ್ದೆ. ಬೆಕ್ಕು ಸೋಫಾದಿಂದ ಬೀಳುತ್ತಲೇ ಇತ್ತು. ನಗು ಬರಲಿಲ್ಲ.

ಅಣ್ಣನದು ರಕ್ತದ ಕ್ಯಾನ್ಸರ್. ಎರಡು ಬಗೆಯ ಕೀಮೋ ಕೊಟ್ಟರೂ ಜಗ್ಗಲಿಲ್ಲ. ಈಗ ಈ ಆಸ್ಪತ್ರೆಯಲ್ಲಿ ಹೊಸ ಔಷಧಿಯ ಪರೀಕ್ಷೆ ಶುರುವಾಗುತ್ತಿದೆ. ಇಲಿಗಳಿಗೆ ಕೊಟ್ಟಾಗಿದೆ, ಮನುಷ್ಯರಿಗೆ ಇನ್ನೂ ಇಲ್ಲ. ಮೊದಲು ಒಬ್ಬರಿಗೆ ಕೊಡುತ್ತಾರೆ. ಅವರಿಗೆ ಏನೂ ಆಗದಿದ್ದರೆ ಮಾತ್ರ ಎರಡನೆಯವರಿಗೆ. ಪಕ್ಕದ ಮಂಚದ ಮೇಷ್ಟ್ರು ಮೊದಲು, ಅಣ್ಣ ಆಮೇಲೆ ಎಂದು ಗೊತ್ತಾದಾಗ ಒಳಗೊಳಗೇ ಖುಷಿಪಟ್ಟಿದ್ದೆ. ಈಗ ಮೇಷ್ಟ್ರು ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು, ನನ್ನ ಕಡೆ ನೋಡದೆ.

“ನೀನೂ ಬೇಡ ಅನ್ನು. ಬೇರೆ ಯಾರಾದ್ರೂ ತಗೊಳ್ಳಲಿ, ಆಮೇಲೆ ನೋಡೋಣ.”

“ಆಮೇಲೆ ಅನ್ನೋದು ನನ್ ಹತ್ರ ಎಲ್ಲಿದೆ? ಲಿಫ್ಟ್ ರಿಪೇರಿ ಆದ್ಮೇಲೆ ಮೊದಲು ಹತ್ತೋದು ಯಾರು, ಹೇಳು.”

ಅಣ್ಣ ಲಿಫ್ಟ್ ಮೆಕ್ಯಾನಿಕ್. “ರಿಪೇರಿ ಮಾಡ್ದೋನು,” ಎಂದೆ. “ಹಾಗಾದ್ರೆ ಇಲ್ಲಿ ಡಾಕ್ಟ್ರು ಹತ್ಲಿ.”

ನಕ್ಕ. ನಗುತ್ತಲೇ ಕೈಗಳನ್ನು ಹೊದಿಕೆಯೊಳಗೆ ಸೇರಿಸಿಕೊಂಡ. 

“ಅಮ್ಮಂಗೆ ಹೇಳಿದ್ಯಾ?”

“ಫಸ್ಟ್ ಬಂದೆ ಅಂದೆ. ಸ್ಕೂಲಲ್ಲಿ ಒಂದ್ಸಲಾನೂ ಬರ್ಲಿಲ್ವಲ್ಲ, ಪಾಪ, ಖುಷಿಪಟ್ಲು.”

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಸ್ಟೂಲ್ ಎಳೆದುಕೊಂಡು ಕೂತರು. ಅವರು ಕೂತರೆಂದರೆ ಸುದ್ದಿ ಒಳ್ಳೆಯದಲ್ಲ; ವಿಡಿಯೋ ನಿಲ್ಲಿಸಿದೆ.

“ಮೊದಲನೆಯವರಿಗೆ ತೀರಾ ಕಡಿಮೆ ಡೋಸ್ ಕೊಡೋದು. ಅದಕ್ಕೆ ಅಪಾಯ ಕಡಿಮೆ ಇರಬಹುದು, ಅಪಾಯವೇ ಇಲ್ಲ ಅಂತ ಹೇಳಲ್ಲ. ಆದ್ರೆ ನಿಮಗೆ ಉಪಯೋಗ ಆಗ್ದೇನೂ ಇರಬಹುದು.”

ಔಷಧಿ ಅವನನ್ನು ಕೊಂದರೆ ಎಂದಷ್ಟೇ ನಾನು ಹೆದರಿದ್ದೆ. ಅದು ಏನೂ ಮಾಡದೇ ಸುಮ್ಮನಿರಬಹುದೆಂದು ಹೊಳೆದಿರಲಿಲ್ಲ.

“ಲಿಫ್ಟಿಗೆ ಜನ ಹತ್ತೋಕೆ ಮುಂಚೆ ತೂಕಕ್ಕೆ ಅಂತ ಮರಳು ಮೂಟೆ ಹಾಕಿ ಓಡಿಸ್ತೀವಿ ಮೇಡಂ,” ಎಂದ ಅಣ್ಣ. “ಆ ಮೂಟೆ ನಾನು. ಆಯ್ತು, ಹೂಂ.”

“ಇವತ್ತು ಹೂಂ ಅನ್ಬೇಡಿ. ನಾಳೆ ಬೆಳಿಗ್ಗೆ ಹತ್ತಕ್ಕೆ ನನ್ನ ರೂಮಿಗೆ ಬನ್ನಿ, ಅಮ್ಮನ್ನೂ ಕರ್ಕೊಂಡು. ಅವರಿಗೂ ಎಲ್ಲ ಗೊತ್ತಾಗ್ಬೇಕು.”

ಅವರು ಹೋದ ಮೇಲೆ ಅಣ್ಣ ನನ್ನ ಮೊಬೈಲ್ ಕಡೆ ಕಣ್ಸನ್ನೆ ಮಾಡಿದ. ಅಮ್ಮನಿಗೆ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ. ಕೊನೆಗೆ ಕಳಿಸಿದ್ದು ಇಷ್ಟೇ: ನಾಳೆ ಹತ್ತಕ್ಕೆ ಡಾಕ್ಟರ್ ರೂಮಿಗೆ ಬಾ.

ಉತ್ತರ ತಕ್ಷಣ ಬಂತು.

“ಬರ್ತೀನಿ. ಸ್ವೀಟ್ ತರ್ಲಾ?”