ದಿನಕ್ಕೊಂದು ದಿನ

ಭದ್ರಮ್ಮನ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ಪೀಣ್ಯ ಎರಡನೇ ಹಂತದ ಗೇರ್ ಕಾರ್ಖಾನೆಯೊಂದರ ತೊಳೆಯುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕೂತು, ಸಣ್ಣ ಸಣ್ಣ ಗೇರುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಹಲ್ಲಿನ ಸಂದಿಯಲ್ಲಿ ಉಳಿದ ಕಬ್ಬಿಣದ ಚೂರನ್ನು ಅರದಿಂದ ಉಜ್ಜಿ ತೆಗೆದೂ ತೆಗೆದೂ, ಗೇರಿನ ಜೊತೆಗೆ ತನ್ನ ಬೆರಳನ್ನೂ ನುಣ್ಣಗೆ ಮಾಡಿಕೊಂಡಿದ್ದಳು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಶುರುವಾದದ್ದು ಕಳೆದ ನವೆಂಬರಿನಲ್ಲಿ, ಗೇಟಿನ ಪಕ್ಕ ಹೆಬ್ಬೆಟ್ಟು ಓದುವ ಯಂತ್ರ ಬಂದು ಕೂತ ಮೇಲೆ.

ಅಲ್ಲಿಯವರೆಗೆ ಹಾಜರಿ ಎಂದರೆ ಶೇಖರಪ್ಪ. ಟೈಮ್ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕೂತಿರುವ ಮನುಷ್ಯ. ಯಾರು ಎಷ್ಟು ಗಂಟೆಗೆ ಬಂದರು, ಯಾರ ಹೆಂಡತಿಗೆ ಹೆರಿಗೆ, ಯಾರು ಜ್ವರದ ಹೆಸರು ಹೇಳಿ ಕ್ರಿಕೆಟ್ ನೋಡಲು ಹೋದರು ಎಲ್ಲ ಅವನಿಗೆ ಗೊತ್ತಿರುತ್ತಿತ್ತು. ಹೊಸದಾಗಿ ಬಂದ ಎಚ್.ಆರ್. ಮ್ಯಾನೇಜರ್ ಬಾಲಾಜಿಗೆ ಈ ಥರದ ಗೊತ್ತಿರುವಿಕೆಯ ಮೇಲೆ ನಂಬಿಕೆ ಇರಲಿಲ್ಲ. ಅವನು ಹಿಂದೆ ಇದ್ದ ಕಂಪನಿಯಲ್ಲಿ ಬರದವರ ಹಾಜರಿ ಹಾಕಿ ಆರು ತಿಂಗಳು ಸಂಬಳ ಎತ್ತಿದ್ದರಂತೆ. ಆದ್ದರಿಂದ ಇಲ್ಲಿ ಬಂದವನೇ ಎಲ್ಲವನ್ನೂ ವೆಬ್‌ಸೈಟಿಗೆ ಏರಿಸಿ, ಹಳೆಯ ರಿಜಿಸ್ಟರುಗಳನ್ನೆಲ್ಲ ಗುಜರಿಗೆ ಹಾಕಿಸಿದ. ಬೆರಳು ಬಿದ್ದರೆ ಹಾಜರಿ, ಬೀಳದಿದ್ದರೆ ಇಲ್ಲ, ಕೈಬರಹ ನಡೆಯುವುದಿಲ್ಲ ಎಂದು ನೋಟಿಸ್ ಅಂಟಿಸಿದ.

ಭದ್ರಮ್ಮನ ಬೆರಳು ಬೀಳಲಿಲ್ಲ. ಸೀರೆಯ ಸೆರಗಿಗೆ ಒರೆಸಿ ಒತ್ತಿದಳು, ಬಾಯಿಂದ ಊದಿ ಒತ್ತಿದಳು, ಎಡಗೈಯದನ್ನೂ ಒತ್ತಿದಳು. ಯಂತ್ರ ಪ್ರತಿ ಸಲವೂ ಕೆಂಪು ದೀಪ ತೋರಿಸಿತು. ಹಿಂದೆ ನಿಂತಿದ್ದ ಹುಡುಗರು ಬೇಗ ಬೇಗ ಅನ್ನತೊಡಗಿದರು. ಅವಳು ಕಿಟಕಿಯ ಒಳಗಿದ್ದ ಶೇಖರಪ್ಪನ ಮುಖ ನೋಡಿದಳು.

ನೌಕರರ ಫೋನ್ ನಂಬರು, ವಿಳಾಸ ಬದಲಾದರೆ ತಿದ್ದಲಿ ಎಂದು ಶೇಖರಪ್ಪನಿಗೊಂದು ಪಾಸ್‌ವರ್ಡ್ ಕೊಟ್ಟಿದ್ದರು. ಒಬ್ಬೊಬ್ಬರಿಗೂ ಒಂದು ಪುಟ. ಹೆಸರು, ಹುಟ್ಟಿದ ತಾರೀಖು, ಫೋನ್ ನಂಬರು, ವಿಳಾಸ. ಎಲ್ಲಕ್ಕಿಂತ ಕೆಳಗೆ ಹಾಜರಿಯ ಚೌಕ. ಆ ಚೌಕದಲ್ಲಿ ಕೈಯಿಂದ ಗುರುತು ಹಾಕಿ 'ಉಳಿಸು' ಒತ್ತಿದರೆ ಹಾಜರಿ ಬೀಳುತ್ತದೆಂದು ಅವನು ಎರಡೇ ದಿನದಲ್ಲಿ ಕಂಡುಕೊಂಡ. ನೋಟಿಸ್ ಅವನ ತಲೆಯ ಮೇಲೆಯೇ ಗೋಡೆಯಲ್ಲಿ ಇತ್ತು. ಅವನು ಅದಕ್ಕೆ ಬೆನ್ನು ಹಾಕಿ ಕೂತು, ದಿನಾ ಬೆಳಗ್ಗೆ ಭದ್ರಮ್ಮನ ಪುಟ ತೆಗೆದು, ಗುರುತು ಹಾಕಿ ಉಳಿಸುತ್ತಿದ್ದ. ಕಣ್ಣೆದುರು ಬಂದು ನಿಂತವಳನ್ನು ಬಂದಿಲ್ಲ ಅನ್ನುವುದು ಅವನ ಕೈಲಾಗಲಿಲ್ಲ, ಅಷ್ಟೇ.

ಏಳು ತಿಂಗಳು ಹೀಗೆ ನಡೆಯಿತು. ಜೂನ್ ಎರಡನೇ ತಾರೀಖು ಸೋಮವಾರ, ಆ ತಿಂಗಳು ನಿವೃತ್ತರಾಗುವವರ ಪಟ್ಟಿಯನ್ನು ವೆಬ್‌ಸೈಟೇ ತಯಾರಿಸಿ ಕಳಿಸಿತು. ಐವತ್ತೆಂಟು ತುಂಬಿದ ತಿಂಗಳ ಕೊನೆಗೆ ಮನೆಗೆ ಹೋಗಬೇಕೆಂಬುದು ಕಾರ್ಖಾನೆಯ ನಿಯಮ. ಪಟ್ಟಿಯಲ್ಲಿ ಒಂದೇ ಹೆಸರು. ಭದ್ರಮ್ಮ, ಹುಟ್ಟಿದ್ದು ೫-೬-೧೯೬೭, ಕೊನೆಯ ದಿನ ಜೂನ್ ಮೂವತ್ತು.

ಶೇಖರಪ್ಪ ಸುದ್ದಿ ತಿಳಿಸಿದಾಗ ಭದ್ರಮ್ಮ ಗೋಡೆಗೆ ಒರಗಿಕೊಂಡಳು.

"ಇದೆಂಗಣ್ಣ? ದೀಪಾವಳಿ ಕಳ್ದು ತಿಂಗ್ಳೊಪ್ಪತ್ತು ಇರ್ತೀನಿ ಅಂದ್ಕಂಡಿದ್ನಲ್ಲ. ವನಜಂದು ನರ್ಸಿಂಗು ಮುಗ್ಯಾದು ಅಕ್ಟೋಬರ್‌ಗೆ. ಅಲ್ಲಿಗಂಟ ನನ್ ಸಂಬಳ ಬಿಟ್ರೆ ಮನೇಲಿ ಬ್ಯಾರೆ ಏನದೆ?"

ವನಜಾ ಅವಳಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಗಂಡ ತೀರಿಹೋಗಿ ಆರು ವರ್ಷ. ಟಿ. ದಾಸರಹಳ್ಳಿಯ ಒಂದು ಕೋಣೆಯ ಮನೆಯಿಂದ ತಾಯಿ ಕಾರ್ಖಾನೆಗೂ ಮಗಳು ಕಾಲೇಜಿಗೂ ಒಂದೇ ಹೊತ್ತಿಗೆ ಹೊರಡುವುದನ್ನು ಶೇಖರಪ್ಪ ಬಸ್ಸಿನಿಂದ ಎಷ್ಟೋ ಸಲ ನೋಡಿದ್ದ.

"ಪಟ್ಟೀಲಿ ಹಾಗಿದೆ ಕಣಮ್ಮ," ಅಂದ ಅವನು.

"ನಾನುಟ್ಟಿದ್ದು ಕಾರ್ತೀಕದಾಗೆ. ಮೂರ್ನೇ ಸೋಮ್ವಾರ. ನಮ್ಮವ್ವ ಉಪಾಸ ಇದ್ಲಂತೆ. ನೀವೇ ಅಲ್ವಾ ಅವತ್ತು ಬರ್ಕಂಡಿದ್ದು?"

ಹೌದು, ಅವನೇ. ಹತ್ತೊಂಬತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರುವಾಗ ಅವಳ ಹತ್ತಿರ ತಾರೀಖು ಇರಲಿಲ್ಲ. ಆಗಲೂ ಈಗಲೂ ಅವಳ ಯಾವ ಕಾಗದದಲ್ಲೂ ಇರುವುದು ವರ್ಷ ಮಾತ್ರ. ಅವನೇ ಆಂಜನೇಯನ ಗುಡಿಯ ಅರ್ಚಕರ ಹಳೇ ಪಂಚಾಂಗ ಬಿಡಿಸಿ, ಕಾರ್ತೀಕದ ಮೂರನೇ ಸೋಮವಾರ ಯಾವತ್ತೆಂದು ಹುಡುಕಿ ರಿಜಿಸ್ಟರಿನಲ್ಲಿ ಬರೆದಿದ್ದ. ಯಾವ ತಾರೀಖೆಂದು ಈಗ ನೆನಪಿಲ್ಲ. ಆದರೆ ಜೂನ್ ತಿಂಗಳಲ್ಲಿ ಕಾರ್ತೀಕ ಎಲ್ಲಿಂದ ಬರಬೇಕು?

ಬಾಲಾಜಿಯ ಹತ್ತಿರ ಹೋಗಿ ಹೇಳಿದ. ಬಾಲಾಜಿ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ.

"ಡಾಕ್ಯುಮೆಂಟ್ ಏನಿದೆ ಶೇಖರಪ್ಪ? ಕಾರ್ತೀಕ ಮಾಸ ಅಂತ ಹೆಡ್ ಆಫೀಸ್‌ಗೆ ಬರೀಲಾ? ಸಿಸ್ಟಮ್‌ನಲ್ಲಿ ಏನಿದ್ಯೋ ಅದೇ."

ಮಂಗಳವಾರ ಬೆಳಗ್ಗೆ ಎಂದಿನಂತೆ ಶೇಖರಪ್ಪ ಭದ್ರಮ್ಮನ ಪುಟ ತೆಗೆದ. ಏಳು ತಿಂಗಳು ಅವನ ಕಣ್ಣು ನೇರವಾಗಿ ಕೆಳಗಿನ ಚೌಕಕ್ಕೆ ಹೋಗುತ್ತಿತ್ತು. ಅವತ್ತು ಮೊದಲ ಸಲ ಮೇಲೆ ಹೋಯಿತು. ಹುಟ್ಟಿದ ತಾರೀಖು ನಾಲ್ಕು ಎಂದಿತ್ತು. ಪಟ್ಟಿ ತೆಗೆದು ನೋಡಿದ. ಅದರಲ್ಲಿ ಐದು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಹಾಜರಿ ಹಾಕಿ, ಉಳಿಸಿ, ಪುಟ ಮುಚ್ಚಿ ಮತ್ತೆ ತೆಗೆದ. ಈಗ ಮೂರು.

ಇದೇನೆಂದು ಅವನಿಗೆ ಅರ್ಥವಾಗಲಿಲ್ಲ, ಆದರೆ ಒತ್ತಿದ್ದು ತನ್ನ ಬೆರಳೆಂಬುದು ಅರ್ಥವಾಯಿತು. ವೆಬ್‌ಸೈಟ್ ಮಾಡಿಕೊಟ್ಟ ಕಂಪನಿಯ ವೇಣಿಗೆ ಫೋನ್ ಹಚ್ಚಿದ.

ವೇಣಿಯ ಆಫೀಸು ಮಾರತ್ತಹಳ್ಳಿಯಲ್ಲಿ. ಅಲ್ಲಿಂದ ಪೀಣ್ಯಕ್ಕೆ ಬರುವುದೆಂದರೆ ಅರ್ಧ ದಿನದ ಮಾತು. ಫೋನಿನಲ್ಲೇ ನೋಡಿಬಿಡಬಹುದಿತ್ತು, ಆದರೂ ಬುಧವಾರ ಬೆಳಗ್ಗೆ ಬಂದೇ ಬಂದಳು. ಅವತ್ತು ಶೇಖರಪ್ಪ ಭದ್ರಮ್ಮನ ಪುಟ ಮುಟ್ಟಿರಲಿಲ್ಲ. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ಶೇಖರಪ್ಪನ ಪಕ್ಕ ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪ್ ಬಿಡಿಸಿ ಕೂತವಳು ಹತ್ತು ನಿಮಿಷ ತಾನು ಬರೆದದ್ದನ್ನೇ ಓದಿದಳು. ಆಮೇಲೆ ಹಣೆಗೆ ಕೈ ಹಚ್ಚಿಕೊಂಡಳು.

"ನನ್ ತಪ್ಪು ಸಾರ್."

"ಏನಾಗಿದೆ ಹೇಳಿ ಮೇಡಂ, ನನಗೂ ತಿಳಿಯೋ ಹಾಗೆ."

"ನೀವು ಪುಟ ಉಳಿಸಿದಾಗ ಅದರಲ್ಲಿರೋದೆಲ್ಲಾ ಇಲ್ಲಿಂದ ಸರ್ವರ್‌ಗೆ ಹೋಗ್ಬೇಕು. ಇದ್ದದ್ದು ಇದ್ದ ಹಾಗೆ ತಂತಿ ಮೇಲೆ ಹೋಗಲ್ಲ ಸಾರ್, ಎಲ್ಲಾನೂ ಅಕ್ಷರ ಮಾಡಿ ಒಂದು ಕಾಗದ ಬರ್ದಂಗೆ ಬರ್ದು ಕಳಿಸ್ಬೇಕು. ಆ ಕಡೆ ಅದನ್ನ ಓದ್ಕೊಂಡು ಮತ್ತೆ ಹೆಸರು, ನಂಬರು, ತಾರೀಖು ಅಂತ ಮಾಡ್ಕೊಳುತ್ತೆ."

"ಸರಿ. ನಾನು ಹೇಳಿದ್ದನ್ನ ನೀವು ಬರೆದು, ಆ ಕಡೆಯವರು ಓದಿದ ಹಾಗೆ."

"ಹಾಂ. ಈಗ ತಾರೀಖು ಅಂದ್ರೆ ಮೆಷಿನ್‌ಗೆ ಆ ದಿನ ಶುರುವಾಗೋ ಗಳಿಗೆ, ರಾತ್ರಿ ಹನ್ನೆರಡು. ಅದನ್ನ ಅಕ್ಷರ ಮಾಡುವಾಗ ನಮ್ಮ ಗಂಟೇಲಿ ಬರಿಯಲ್ಲ, ಇಂಗ್ಲೆಂಡ್ ಕಡೆ ಗಂಟೇಲಿ ಬರಿಯುತ್ತೆ. ನಮಗಿಂತ ಐದೂವರೆ ಗಂಟೆ ಹಿಂದೆ. ಅಂದ್ರೆ ಹಿಂದಿನ ದಿನ ಸಂಜೆ ಆರೂವರೆ. ಅದೂ ತಪ್ಪಲ್ಲ, ಆ ಕಡೆ ಓದೋರು ಐದೂವರೆ ಗಂಟೆ ಕೂಡಿಸ್ಕೊಂಡ್ರೆ ಸರಿಹೋಗುತ್ತೆ. ನಾನು ಕೂಡಿಸ್ಲಿಲ್ಲ. ಹುಟ್ಟಿದ ದಿನಕ್ಕೆ ಗಂಟೆ ಯಾಕೆ ಅಂತ ಗಂಟೆ ಕತ್ತರಿಸಿ ಬರೀ ದಿನ ಇಟ್ಕೊಂಡೆ."

ಶೇಖರಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. "ಹಿಂದಿನ ದಿನ ಉಳೀತು."

"ಒಂದೊಂದು ಸಲ ಉಳಿಸಿದಾಗ್ಲೂ ಒಂದೊಂದು ದಿನ. ಬೇರೆಯವರ ಪುಟ ಯಾರೂ ಹೆಚ್ಚು ಮುಟ್ಟಲ್ಲ, ಅದಕ್ಕೇ ಗೊತ್ತಾಗ್ಲಿಲ್ಲ. ಈ ಅಮ್ಮಂದು ನೂರ ಎಪ್ಪತ್ತು ಸಲ ಆಗಿದೆ."

ಶೇಖರಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ. ಕಿಟಕಿಯಾಚೆ ಯಂತ್ರದ ಮುಂದೆ ಜನರ ಸಾಲು ಕರಗುತ್ತಿತ್ತು. ಭದ್ರಮ್ಮ ಕೆಲಸಕ್ಕೆ ಬಂದ ಒಂದೊಂದು ದಿನಕ್ಕೂ ಅವಳ ಕೆಲಸದ ಆ ಕೊನೆಯಿಂದ ಒಂದೊಂದು ದಿನ ಕತ್ತರಿಸಿ ಹೋಗಿತ್ತು. ಕತ್ತರಿಸಿದವನು ತಾನು, ಅದೂ ಉಪಕಾರ ಮಾಡುತ್ತಿದ್ದೇನೆಂದುಕೊಂಡು. ಬಾಲಾಜಿಯ ನೋಟಿಸ್ ಪಾಲಿಸಿ ಸುಮ್ಮನಿದ್ದಿದ್ದರೆ ಅವಳ ತಾರೀಖು ಇದ್ದಲ್ಲೇ ಇರುತ್ತಿತ್ತು. ಇಷ್ಟು ವರ್ಷದಲ್ಲಿ ಯಾರ ಹಾಜರಿಯಲ್ಲೂ ಕಾಲು ಗಂಟೆ ತಪ್ಪು ಮಾಡದವನಿಗೆ ಆ ಹೊತ್ತು ತನ್ನ ಮೇಲೇ ಅಸಹ್ಯವಾಯಿತು.

ವೇಣಿ ದನಿ ತಗ್ಗಿಸಿದಳು. "ಕೋಡ್ ನಾನು ಈಗ್ಲೇ ಸರಿ ಮಾಡ್ತೀನಿ. ಆದ್ರೆ ಹಳೇ ತಾರೀಖು ವಾಪಸ್ ಹಾಕೋಕೆ ಬಾಲಾಜಿ ಸಾರ್ ಒಪ್ಪಿಗೆ ಬೇಕು. ಪ್ರೂಫ್ ಅಂದ್ರೆ ಇರೋದು ಇದೊಂದೇ, ಯಾರು ಯಾವಾಗ ಯಾವುದನ್ನ ತಿದ್ದಿ ಉಳಿಸಿದ್ರು ಅನ್ನೋ ಲಾಗು. ಇದರಲ್ಲಿ ನೂರ ಎಪ್ಪತ್ತು ಸಲಾನೂ ನಿಮ್ಮ ಹೆಸರೇ ಇದೆ ಸಾರ್."

ಅವಳು ಗೋಡೆಯ ಮೇಲಿನ ನೋಟಿಸ್ ನೋಡಿದಳು. ಶೇಖರಪ್ಪ ನೋಡಲಿಲ್ಲ, ಅದು ಅವನಿಗೆ ಬಾಯಿಪಾಠವಾಗಿತ್ತು. ಅವನ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಸುಮ್ಮನಿದ್ದರೆ ಈ ತಿಂಗಳ ಮೂವತ್ತಕ್ಕೆ ಒಂದು ಹಾರ, ಒಂದು ಶಾಲು, ಒಂದು ಸ್ಟೀಲಿನ ಡಬ್ಬಿ ಕೊಟ್ಟು ಅವಳನ್ನು ಕಳಿಸುತ್ತಾರೆ. ಭದ್ರಮ್ಮನಿಗೆ ಯಾಕೆಂದು ಯಾವತ್ತೂ ತಿಳಿಯುವುದಿಲ್ಲ. ಈ ಯೋಚನೆ ಬಂದದ್ದು ನಿಜ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಇದ್ದದ್ದೂ ನಿಜ.

"ಪ್ರಿಂಟ್ ತೆಗೀರಿ ಮೇಡಂ," ಅಂದ.

ಬಾಲಾಜಿ ಆರು ಹಾಳೆಗಳನ್ನೂ ಓದಿದ. ಸಿಟ್ಟಾಗಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. ತೊಳೆಯುವ ವಿಭಾಗದ ಸೂಪರ್‌ವೈಸರ್ ರಾಮಯ್ಯನಿಗೆ ಫೋನ್ ಮಾಡಿ, ದಿನಾ ಯಾರು ಎಷ್ಟು ಟ್ರೇ ಮುಗಿಸಿದರೆಂದು ಬರೆಯುವ ಹಾಳೆಗಳನ್ನು, ಶೇಖರಪ್ಪ ನವೆಂಬರಿನಲ್ಲಿ ಮೊದಲ ಗುರುತು ಹಾಕಿದ ದಿನದಿಂದ ಮಂಗಳವಾರದವರೆಗಿನವನ್ನು, ತರಿಸಿದ. ಭದ್ರಮ್ಮನ ಹೆಸರಿದ್ದ ದಿನಗಳನ್ನು ತಾನೇ ಪೆನ್ಸಿಲ್ ಹಿಡಿದು ಎಣಿಸಿದ. ಇಬ್ಬರೂ ಅವನೆದುರು ನಿಂತೇ ಇದ್ದರು.

"ನೂರ ಅರವತ್ತೊಂಬತ್ತು," ಅಂದ. "ನೀವು ಸೇವ್ ಮಾಡಿರೋದು ನೂರ ಎಪ್ಪತ್ತು. ಯಾವ ದಿನ ಬರದೇ ಇದ್ದವಳಿಗೆ ಅಟೆಂಡೆನ್ಸ್ ಹಾಕಿದ್ರಿ ಶೇಖರಪ್ಪ?"

ಬಾರದ ದಿನ ಶೇಖರಪ್ಪ ಹಾಕಿರಲಿಲ್ಲ. ಹಾಕಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕೆ ಈ ಕೋಣೆಯಲ್ಲಿ ಬೆಲೆ ಇರಲಿಲ್ಲ. ವೇಣಿ ಲಾಗಿನ ಹಾಳೆಗಳನ್ನು ಕಸಿದುಕೊಂಡಂತೆ ತೆಗೆದುಕೊಂಡು ಬೆರಳಿಟ್ಟು ಒಂದೊಂದೇ ಸಾಲು ಇಳಿದಳು.

"ಇಲ್ಲಿ ನೋಡಿ ಸಾರ್. ಜನವರಿ ಹದಿನೇಳು, ಎರಡು ಸಲ ಇದೆ. ಬೆಳಗ್ಗೆ ಅಟೆಂಡೆನ್ಸು. ಮಧ್ಯಾಹ್ನ ಬರೀ ಫೋನ್ ನಂಬರ್ ಚೇಂಜ್ ಆಗಿದೆ."

"ಮಗಳು ಹೊಸ ಸಿಮ್ ಹಾಕ್ಸಿಕೊಟ್ಲು ಅಂತ ಬಂದು ಹೇಳಿದ್ಲು ಸಾರ್," ಅಂದ ಶೇಖರಪ್ಪ.

ಬಾಲಾಜಿ ಪೆನ್ಸಿಲ್ ಕೆಳಗಿಟ್ಟ. ಜೂನ್ ಮೂರಕ್ಕೆ ನೂರ ಎಪ್ಪತ್ತು ದಿನ ಕೂಡಿಸಿದ. ನವೆಂಬರ್ ಇಪ್ಪತ್ತು ಬಂತು. ಫೋನಿನಲ್ಲಿ ೧೯೬೭ನೇ ಇಸವಿಯ ಕ್ಯಾಲೆಂಡರ್ ತೆಗೆದ. ನವೆಂಬರ್ ಇಪ್ಪತ್ತು ಸೋಮವಾರ. ಅವನು ಆ ವರ್ಷದ ಪಂಚಾಂಗವನ್ನೂ ಹುಡುಕಿದ; ಕಾರ್ತೀಕದ ಮೂರನೇ ಸೋಮವಾರವೂ ಅದೇ.

ಸಂಜೆಯೊಳಗೆ ಮೂರು ಕಾಗದ ಟೈಪಾದವು. ಒಂದು, ಭದ್ರಮ್ಮನ ಹುಟ್ಟಿದ ತಾರೀಖು ತಿದ್ದಿದೆ, ಕೊನೆಯ ದಿನ ನವೆಂಬರ್ ಮೂವತ್ತು. ಇನ್ನೊಂದು, ಬೆರಳು ಬೀಳದವರು ಇನ್ನು ಮುಂದೆ ರಾಮಯ್ಯನೆದುರು ಪುಸ್ತಕದಲ್ಲಿ ಗುರುತು ಹಾಕಬೇಕು. ಮೂರನೆಯದು ಶೇಖರಪ್ಪನಿಗೆ. ನಿಯಮ ಮೀರಿದ್ದಕ್ಕೆ ಮೆಮೊ, ಪಾಸ್‌ವರ್ಡ್ ರದ್ದು, ಈ ವರ್ಷ ಇನ್‌ಕ್ರಿಮೆಂಟ್ ಇಲ್ಲ. ಅದನ್ನು ಕೊಡುವಾಗ ಬಾಲಾಜಿ ಅಂದ, "ಅಟೆಂಡೆನ್ಸ್ ಸರಿ ಇತ್ತು, ಅದನ್ನೂ ಬರ್ದಿದ್ದೀನಿ." ಬರೆದಿದ್ದ, ಕೊನೆಯ ಸಾಲಿನಲ್ಲಿ.

ಶಿಫ್ಟ್ ಬಿಟ್ಟಾಗ ಭದ್ರಮ್ಮ ತನ್ನ ಕಾಗದ ಹಿಡಿದು ಟೈಮ್ ಆಫೀಸಿನ ಕಿಟಕಿಗೆ ಬಂದಳು. ಶೇಖರಪ್ಪ ಮೆಮೊವನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ನಿಮಗೇನಾರ ತೊಂದ್ರೆ ಆಯ್ತಾ ಅಣ್ಣ?"

"ಅದಿರಲಿ ಬಿಡು. ನೀನು ಒಂದು ಮಾತು ಕೇಳ್ಕೋ. ಇದು ಮೆಷಿನ್ ತಪ್ಪು ಅಂತ ಎಲ್ಲಾ ಹೇಳ್ತಾರೆ. ನಾನೇ ಕಣಮ್ಮ. ನೀನು ಬಂದ ದಿನಾನೆಲ್ಲಾ ನಾನು ಹಾಜರಿ ಹಾಕ್ತಿದ್ನಲ್ಲ, ಒಂದೊಂದು ಸಲ ಹಾಕಿದಾಗ್ಲೂ ನಿನ್ನ ಹುಟ್ಟಿದ ದಿನ ಒಂದೊಂದು ದಿನ ಹಿಂದಕ್ಕೆ ಹೋಗಿದೆ. ಬಂದ ದಿನಕ್ಕೊಂದು ದಿನ ವಯಸ್ಸು ಜಾಸ್ತಿ ಮಾಡಿಟ್ಟಿದ್ದೆ ನಿನಗೆ. ಗೊತ್ತಿರಲಿಲ್ಲ. ಆದರೂ ನಾನೇ."

ಭದ್ರಮ್ಮ ಆ ನುಣುಪು ಹೆಬ್ಬೆಟ್ಟನ್ನು ಕಿಟಕಿಯ ಸರಳಿಗೆ ಉಜ್ಜುತ್ತಾ ನಿಂತಳು. ಸೀಮೆಎಣ್ಣೆಯ ವಾಸನೆ ಒಳಕ್ಕೆ ಬಂತು.

"ಅಂಗಾರೆ," ಅಂದಳು ಕೊನೆಗೆ, "ಮನೇಲೇ ಕುಂತಿದ್ದಿದ್ರೆ ನಂಗೆ ಇಷ್ಟು ವಯಸ್ಸಾಯ್ತಿರ್ಲಿಲ್ಲ ಅನ್ನಿ."

ಅವಳು ನಗುತ್ತಿದ್ದಳು. ಶೇಖರಪ್ಪ ನಗಲು ಹೋದ, ಆಗಲಿಲ್ಲ; ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

"ನಾಳೆ ಬತ್ತೀನಣ್ಣ," ಎಂದು ಅವಳು ಚೀಲ ಹೆಗಲಿಗೆ ಹಾಕಿಕೊಂಡು ದಾಸರಹಳ್ಳಿ ಕಡೆಯ ಬಸ್ಸಿಗೆ ಹೊರಟಳು.